ತಗಚೆಕೋಟೆಗೆ ಬಾಗಿಲಿಲ್ಲ

ಈ ಗುಡ್ಡದ ಕೋಟೆಯನ್ನು ಗೆದ್ದವನು ನಮ್ಮ ಮುತ್ತಜ್ಜ, ಅದೂ ಒಂಟಿಗೈಯಲ್ಲಿ. ಸುಳ್ಳು, ಅವನಿಗೆ ಕೋಳಿ ಹಿಡಿಯಲಿಕ್ಕೂ ಇಬ್ಬರು ಬೇಕಿತ್ತು. ಗೆದ್ದದ್ದು ಮೇಲೆ ಕಾಣುತ್ತಿದೆಯಲ್ಲ, ಆ ಹಸಿರು. ಮೊದಲ ಮಳೆ ಬಿದ್ದು ವಾರ ಕಳೆದರೆ ಬುರುಜು, ಮೆಟ್ಟಿಲು, ಅಂಗಳವೆಲ್ಲ ತಗಚೆ ಸೊಪ್ಪಿನಲ್ಲಿ ಮುಚ್ಚಿಹೋಗುತ್ತದೆ. ದನವೂ ಮೂಸದ ಕಾಡುಗಿಡ. ಆದರೆ ಆಷಾಢದಲ್ಲಿ ರಾಗಿಯ ಹಗೇವು ತಳ ಕಂಡಾಗ ಕೆಳಗಿನ ಹಟ್ಟಿಯವರ ಹೊಟ್ಟೆ ಕಾಯುತ್ತಿದ್ದದ್ದು ಇದರ ಎಳೆಯ ಎಲೆಯೇ.

ಹಿಂದೆ ಒಮ್ಮೆ ಇಲ್ಲಿ ತಿಪ್ಪರಸನಾಯಕನೆಂಬ ಪಾಳೆಯಗಾರನಿದ್ದ ಎನ್ನುತ್ತಾರೆ. ಅವನ ಮನೆಗೆ ಬಂದ ಬೀಗರು ಕೋಟೆಗೋಡೆಯ ಬುಡದಲ್ಲಿ ಹೆಂಗಸರು ಸೊಪ್ಪು ಕೊಯ್ಯುವುದನ್ನು ಕಂಡು, "ನಿಮ್ಮ ಪ್ರಜೆಗಳು ಮೇಯುವುದು ಇಲ್ಲೇನು?" ಎಂದು ನಕ್ಕರಂತೆ. ಆ ನಗು ನಾಯಕನಿಗೆ ಮುಳ್ಳಾಯಿತು. ಗುಡ್ಡದಲ್ಲಿ ಒಂದು ತಗಚೆ ಗಿಡವೂ ಉಳಿಯಕೂಡದು, ಹಟ್ಟಿಯವರೇ ಬಿಟ್ಟಿ ದುಡಿದು ಕಿತ್ತು, ಕೋಟೆಯ ಅಂಗಳಕ್ಕೆ ಹೊತ್ತು ತಂದು ಸುಡಬೇಕು ಎಂದು ಡಂಗುರ ಹೊಡೆಸಿದ. ಹಟ್ಟಿಯ ಕಾಟವ್ವನಿಗೆ ಗಂಜಿಯ ಮಡಕೆಗೇ ಒದ್ದಂತಾಯಿತು. ಮುಂದಿನ ಆಷಾಢಕ್ಕೆ ಮಕ್ಕಳಿಗೆ ಏನು ಬೇಯಿಸುವುದು? ಅಳು ಬಂತು, ಅಳಲಿಲ್ಲ. ಗಿಡ ನೋಡಿದಳು. ಕಾಯಿ ಆಗತಾನೇ ಹಸಿರಾಗಿ ಕಟ್ಟಿದ್ದವು. ನಾಯಕನೆದುರು ಹೋಗಿ, "ಹಸಿ ಗಿಡ ಉರಿಯಲ್ಲ ಬುದ್ಧಿ, ಬರೀ ಹೊಗೆ. ದೀಪಾವಳಿ ಕಳೀಲಿ, ಒಣಗಿದ ಮೇಲೆ ಕೀಳ್ತೀವಿ" ಎಂದಳು. ನಾಯಕ ತಲೆಯಾಡಿಸಿದ. ಕತ್ತಿ ತಿಳಿದವನಿಗೆ ಸೊಪ್ಪು ತಿಳಿದಿರಲಿಲ್ಲ.

ದೀಪಾವಳಿ ಕಳೆಯುವಷ್ಟರಲ್ಲಿ ಒಣಗಿದ ಕಾಯಿ ಗಲಗಲ ಎನ್ನುತ್ತಿದ್ದವು. ಹೆಂಗಸರು ಹೊರೆ ಹೊತ್ತು ಕೋಟೆಯೊಳಗೆ ಬಂದರು. ಕಾಟವ್ವ ಒಂದೊಂದು ಹೊರೆಯನ್ನೂ ಗೋಡೆಗೆ, ಮೆಟ್ಟಿಲಿಗೆ ಬಡಿಬಡಿದು ಬೆಂಕಿಗೆಸೆದಳು.

"ಏನವ್ವಾ, ಗೋಡೆ ಬೀಳಿಸ್ತೀಯಾ?" ಎಂದ ಕಾವಲಿನವನು.

"ಬೇರಿನ ಮಣ್ಣು ಕೊಡವಬೇಡವೇನೋ ತಮ್ಮಾ? ದೊರೆಗಳ ಬೆಂಕೀಲಿ ಮಣ್ಣು ಸುಡಕ್ಕಾಗುತ್ತಾ?"

ಮರುವರ್ಷ ಮಳೆ ಬಿತ್ತು. ಕೋಟೆಯ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಂತೆ ತಗಚೆ ಎದ್ದಿತು. ಕಾಟವ್ವ ಕುಕ್ಕೆ ಹಿಡಿದು, ಹಟ್ಟಿಯ ಹೆಂಗಸರನ್ನೆಲ್ಲ ಕರೆದುಕೊಂಡು, ನೇರ ಹೆಬ್ಬಾಗಿಲು ದಾಟಿದಳು.

"ಯಾರು ನಿಮ್ಮನ್ನು ಒಳಗೆ ಬಿಟ್ಟದ್ದು?" ನಾಯಕ ಗುಡುಗಿದ.

"ಸೊಪ್ಪು ಒಳಗೆ ಬಂತು ಬುದ್ಧಿ. ಅದರ ಹಿಂದೆ ನಾವು."

"ಎಲ್ಲಾ ಕಿತ್ತು ಬಿಸಾಡಿ!"

ಕಾಟವ್ವ ಸೊಂಟದ ಮೇಲೆ ಕೈಯಿಟ್ಟಳು. "ಆಗಲಿ ಬುದ್ಧಿ. ಹೋದ ಸಲದಂಗೇ ಕೀಳೋಣವಾ?"

ನಾಯಕ ಅಂಗಳವನ್ನೊಮ್ಮೆ, ತಾನು ಮಲಗುವ ಮಾಳಿಗೆಯನ್ನೊಮ್ಮೆ ನೋಡಿದ. ಆ ಆಷಾಢದಿಂದ ಹೆಬ್ಬಾಗಿಲು ಮುಚ್ಚಲೇ ಇಲ್ಲ ಎನ್ನುತ್ತಾರೆ. ಬರಬರುತ್ತ ಜನ ನಾಯಕನ ಹೆಸರು ಬಿಟ್ಟು ತಗಚೆಕೋಟೆ ಎಂದೇ ಕರೆದರು.

ಇವತ್ತಿಗೂ ಮೇಲೆ ಹೋದವರಿಗೆ ಎರಡು ಕಲ್ಲುಕಂಬ ಕಾಣುತ್ತವೆ, ಬಾಗಿಲು ಕಾಣುವುದಿಲ್ಲ. ದೀಪಾವಳಿಯ ಮರುದಿನ ಹಟ್ಟಿಯ ಹೆಂಗಸರು ಒಂದು ಒಣಗಿದ ಗಿಡವನ್ನು ಅಲ್ಲಿಯ ಮೆಟ್ಟಿಲಿಗೆ ಬಡಿದು ಬರುತ್ತಾರೆ. ನನ್ನ ಜೇಬಿನಲ್ಲೂ ಒಂದು ಹಿಡಿ ಬೀಜವಿದೆ. ಆದ್ದರಿಂದ ಈ ಟೀ ದುಡ್ಡು ನೀವೇ ಕೊಟ್ಟುಬಿಡಿ ಸ್ವಾಮಿ. ಇಲ್ಲವಾದರೆ ನಿಮ್ಮ ಮನೆಯಂಗಳ ಎಲ್ಲಿದೆ ಹೇಳಿ.