ಗೋಡೆಯಾಚೆಯ ಕುಂಬಾರ

"ಗುರುಗಳೇ, ಹೊಟ್ಟೆಕಿಚ್ಚು ಮನುಷ್ಯನನ್ನು ಕುರುಡು ಮಾಡುತ್ತದೆಯೇ?" ಎಂದು ಅಡವಯ್ಯ ಕೇಳಿದ. ಬೆಳಿಗ್ಗೆ ಗುರುಗಳು ಇನ್ನೊಬ್ಬ ಶಿಷ್ಯನ ಪಾಠವನ್ನು ಹೊಗಳಿದ್ದರು. "ಅದರಲ್ಲೇನಿದೆ ಮಣ್ಣು" ಎಂದು ಅಡವಯ್ಯ ಮಠದ ತುಂಬ ಹೇಳಿಕೊಂಡು ತಿರುಗಿದ್ದ.

ಗುರುಗಳು ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ಕುಂಬಾರನಿದ್ದ. ಒಳ್ಳೆಯ ಕೆಲಸಗಾರ. ಅವನ ಪಕ್ಕದ ಮನೆಗೆ ಇನ್ನೊಬ್ಬ ಕುಂಬಾರ ಬಂದು ನೆಲೆಸಿದ. ಹಸಿ ಮಡಕೆಯ ಒಳಗೆ ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತೆಳ್ಳಗೆ ಮಾಡುವುದು ಅವರ ಕಸುಬಿನ ರೀತಿ. ಹೊಸಬನ ತೆಳ್ಳನೆಯ ಮಡಕೆಯಲ್ಲಿ ನೀರು ನಡುಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಅದನ್ನು ಕಂಡ ದಿನವೇ ಇವನ ಹೊಟ್ಟೆ ಉರಿಯತೊಡಗಿತು.

ಗೋಡೆಯಾಚೆ ತಟ್ಟುವ ಸದ್ದು ಕೇಳಿದರೆ ಇವನ ಕೈ ಸುಮ್ಮನಿರುತ್ತಿರಲಿಲ್ಲ. ತನ್ನ ಮಣ್ಣಿಗೆ ಸಾಕಾದರೂ ಆಚೆಯ ಸದ್ದು ನಿಲ್ಲುವವರೆಗೆ ತಟ್ಟುತ್ತಿದ್ದ. ಅವನದು ದೊಡ್ಡ ಹರವಿ, ತನ್ನದು ಪುಟ್ಟ ಕುಡಿಕೆ ಎಂಬ ಎಚ್ಚರವೂ ಇರಲಿಲ್ಲ. ಮಣ್ಣು ಇವನದು, ಹೊತ್ತು ಪಕ್ಕದವನದು. ತಟ್ಟಿ ತಟ್ಟಿ ತೀರ ತೆಳ್ಳಗಾದ ಕುಡಿಕೆಗಳೆಲ್ಲ ಆವಿಗೆಯಲ್ಲಿ ಸುಡುವಾಗ ಒಡೆದುಹೋದವು.

ಕೈ ಸೋತ ಮೇಲೆ ಬಾಯಿ ಜೋರಾಯಿತು. ದಪ್ಪ ಮಡಕೆಯೇ ಮಡಕೆ, ತೆಳ್ಳನೆಯದು ಬಾಳಿಕೆ ಬಾರದು ಎಂದು ಮನೆಮನೆಗೂ ಹೇಳಿ ಬಂದ. ಊರು ನಂಬಿತು. ಪಕ್ಕದವನು ವ್ಯಾಪಾರವಿಲ್ಲದೆ ಊರು ಬಿಟ್ಟ. ಹೋಗುವಾಗ ಉಳಿದಿದ್ದ ಒಂದು ಮಡಕೆಯನ್ನು ಇವನ ಹೆಂಡತಿಗೆ ಕೊಟ್ಟು ಹೋದ.

ಇವನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಚಕ್ರದ ಮುಂದೆ ಕುಳಿತರೆ ಕೈ ಓಡುತ್ತಿರಲಿಲ್ಲ. ಹಲಗೆ ಹಿಡಿದರೆ, ಆಚೆಯ ಸದ್ದಿಲ್ಲದೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತಿರಲಿಲ್ಲ. ಕಲಿತ ಕಸುಬೇ ಕೈಬಿಟ್ಟು ಹೋಗುತ್ತಿದೆ ಎಂದು ಅವನಿಗೆ ಭಯವಾಯಿತು.

ಒಂದು ಮಧ್ಯಾಹ್ನ ಹೆಂಡತಿ ಆ ಮಡಕೆ ಎತ್ತಿಕೊಂಡು, "ಹೇಗೂ ಬಾಳಿಕೆ ಬರೋದಿಲ್ಲ ಅಂತೀರಲ್ಲ, ಇದನ್ನ ದನದ ಕಲಗಚ್ಚಿಗೆ ಇಡಲಾ?" ಎಂದಳು.

ಅವನು ಅದನ್ನು ಕಿತ್ತುಕೊಂಡು ಎದೆಗೆ ಒತ್ತಿಕೊಂಡ. "ಮುಟ್ಟಬೇಡ. ಇಂಥದ್ದನ್ನ ಈ ಊರಲ್ಲಿ ಇನ್ಯಾರೂ ಮಾಡೋದಿಲ್ಲ" ಎಂದ.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯ, "ಪಾಪ, ಕೊನೆಗಾದರೂ ಕುರುಡನಿಗೆ ಕಣ್ಣು ಬಂತು" ಎಂದ.

"ಇಲ್ಲಪ್ಪ, ಆ ಮಡಕೆ ಎಂಥದ್ದೆಂದು ಇಡೀ ಊರಲ್ಲಿ ಮೊದಲ ದಿನವೇ ಕಂಡಿದ್ದವನು ಅವನೊಬ್ಬನೇ" ಎಂದರು ಗುರುಗಳು.