ಸೋತವರು ಹಾಕಿದ ನೀರು

"ಗುರುಗಳೇ, ಸೋಲುವುದು ಗೊತ್ತಿದ್ದೂ ನಾಳೆ ನಾನು ಯಾಕೆ ಹೋಗಬೇಕು?" ಎಂದು ಅಡವಯ್ಯ ಕೇಳಿದ.

ಪಕ್ಕದ ಮಠದ ಶಿಷ್ಯರೊಡನೆ ಆ ವರ್ಷ ನಡೆದ ಆರು ವಾದಗಳಲ್ಲೂ ಅವನು ಸೋತಿದ್ದ. ಏಳನೆಯದು ಮರುದಿನ. ಅದಕ್ಕೆ ಮೊದಲೇ ಊರಿಗೆ ಹೋಗಿಬಿಡೋಣ, ಮತ್ತೆ ಈ ಕಡೆ ತಲೆ ಹಾಕುವುದೇ ಬೇಡ ಎಂದು ಬಟ್ಟೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ. ಗುರುಗಳು ಗಂಟನ್ನು ನೋಡಿದರು. ಕೂತುಕೋ ಎಂದರು. ಅವನು ಕೂತ, ಗಂಟನ್ನು ಮಾತ್ರ ಕೆಳಗಿಡಲಿಲ್ಲ.

ಗುರುಗಳು ಕತೆ ಶುರು ಮಾಡಿದರು.

ಹಿಮಾಲಯದ ಆಚೆ ಒಂದು ಕಣಿವೆ. ಚಳಿಗಾಲ ಬಂದರೆ ಅಲ್ಲಿ ಕೆರೆಯೇ ಕಲ್ಲಾಗುತ್ತದೆ. ಅದರ ಮೇಲೆ ಮಕ್ಕಳು ಬೂಟಿಗೆ ಅಲಗು ಕಟ್ಟಿಕೊಂಡು ಜಾರುತ್ತಾ, ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಹೊಡೆಯುತ್ತಾ ಹಾಕಿ ಆಟ ಆಡುತ್ತಾರೆ. ಎಂಟು ಊರು, ಎಂಟು ತಂಡ, ಒಂದೇ ಕೆರೆ. ಚಳಿಗಾಲವಿಡೀ ಕಿರಿಯರ ಲೀಗ್.

ಆಡಿ ಮುಗಿಸಿದಾಗ ಕೆರೆಯ ಮೈತುಂಬ ಗೀರು. ಅದರ ಮೇಲೆ ನೀರು ಹರಡಿದರೆ ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟಿ ನುಣುಪಾಗುತ್ತದೆ. ಆದರೆ ಆ ಚಳಿಯಲ್ಲಿ ನೀರು ಹೊರುವ ಕೆಲಸ ಯಾರಿಗೆ ಬೇಕು? ಅದಕ್ಕೇ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಸೋತವರು ನೀರು ಹಾಕಬೇಕು.

ಕೆಳಗಿನ ಊರಿನ ತಂಡಕ್ಕೆ ಕುರಿ ಕಾಯುವವನೊಬ್ಬನ ಮಗಳು ನಾಯಕಿ. ಗೋಲು ಕಾಯುವವಳೂ ಅವಳೇ. ಆ ವರ್ಷ ಅವರು ಆರು ಪಂದ್ಯ ಆಡಿ ಆರನ್ನೂ ಸೋತರು. ಒಂದು ಗೋಲನ್ನೂ ಹೊಡೆಯಲಿಲ್ಲ. ಆರು ಸಂಜೆ ನೀರು ಹಾಕಿದರು. ಬೆರಳು ಸೆಟೆದುಕೊಂಡವು, ಅಳು ಬಂತು. ಗೆದ್ದವರು ದಡದಲ್ಲಿ ಬಿಸಿ ಚಹಾ ಕುಡಿಯುತ್ತಾ ಅವರಿಗೆ 'ನೀರಿನವರು' ಎಂದು ಹೆಸರಿಟ್ಟರು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು. ಆ ಚಳಿಗೆ ಅಷ್ಟಾದರೂ ಉಪಯೋಗವಾಯಿತೆನ್ನು.

ಕೊನೆಯ ಪಂದ್ಯ ಒಂದು ಸಲವೂ ಸೋಲದ ತಂಡದ ಮೇಲೆ. ಕಪ್ ಅವರಿಗೇ ಎಂಬುದು ಆಗಲೇ ತೀರ್ಮಾನವಾಗಿತ್ತು. ಲೀಗ್ ನಡೆಸುವ ಯಜಮಾನ ಅವಳನ್ನು ಕರೆದ. ಮನುಷ್ಯ ಒಳ್ಳೆಯವನೇ, ಊಟದ ಹೊತ್ತು ಮೀರುವುದು ಮಾತ್ರ ಅವನಿಗೆ ಆಗದು.

"ಬಿಟ್ಟುಬಿಡಮ್ಮಾ. ನೀವು ಆಡದಿದ್ರೂ ಸೋತ ಹಾಗೇ ಬರ್ಕೊಳ್ತೀವಿ. ಇವತ್ತು ನೀರು ಹಾಕೋದೂ ಬೇಡ, ನಾಳೆಯಿಂದ ಪಂದ್ಯವೇ ಇಲ್ವಲ್ಲ."

"ಸೋಲಿಸೋದಿದ್ರೆ ಅವರು ಬಂದು ಸೋಲಿಸಲಿ, ಯಜಮಾನರೇ. ನೀವು ಬರೆದು ಸೋಲಿಸಬೇಡಿ," ಎಂದಳು.

ಆಡಿದರು. ಕೊಡ ಹೊತ್ತು ನಡೆದವರಿಗೆ ಕೆರೆಯ ಉಬ್ಬುತಗ್ಗೆಲ್ಲ ಕಾಲಿಗೇ ಗೊತ್ತಿತ್ತು. ಎಲ್ಲಿ ನೀರು ದಪ್ಪಗೆ ನಿಂತಿದೆ, ಎಲ್ಲಿ ಬಿಲ್ಲೆ ಓರೆಯಾಗಿ ಜಾರುತ್ತದೆ ಎಂಬುದು ಎದುರಿನವರಿಗೆ ತಿಳಿಯದು. ಅವರು ಒಂದು ದಿನವೂ ಕೊಡ ಮುಟ್ಟಿದವರಲ್ಲ. ಅಂಥ ಒಂದು ಓರೆಯಲ್ಲೇ ಜಾರಿ ಬಿಲ್ಲೆ ಬಲೆ ಸೇರಿತು. ಕೆಳಗಿನ ಊರಿನವರಿಗೆ ಅದೇ ಆ ವರ್ಷದ ಮೊದಲ ಗೋಲು. ಅವರು ಕೂಗಿದ ಕೂಗಿಗೆ ದಡದವರ ಚಹಾ ಚೆಲ್ಲಿತು. ಆಮೇಲೆ ನಾಲ್ಕು ಗೋಲು ಬಿಟ್ಟುಕೊಟ್ಟು ಸೋತರು. ಸೋಲು ಸೋಲೇ, ಅದಕ್ಕೆ ನಾನು ಬೇರೆ ಹೆಸರು ಇಡುವುದಿಲ್ಲ.

ಕಪ್ ಕೊಟ್ಟದ್ದಾಯಿತು, ಚಪ್ಪಾಳೆ ಆಯಿತು. ಜನ ಊಟಕ್ಕೆ ಎದ್ದರು. ಅವಳು ಕೊಡ ತುಂಬಿಕೊಂಡು ಕೆರೆಗೆ ಇಳಿದಳು. ಹಿಂದೆಯೇ ಅವಳ ತಂಡದವರೆಲ್ಲ ಕೊಡ ಹೊತ್ತು ಬಂದರು.

ಯಜಮಾನ ಓಡಿಬಂದ. "ಹುಚ್ಚು ಹಿಡೀತೇನಮ್ಮಾ? ಎಲ್ಲಾ ಮುಗೀತು. ಇನ್ನು ಯಾರಿಗೆ ಅಂತ ನೀರು ಹಾಕ್ತೀಯ?"

"ಕೆರೆ ಕರಗೋಕೆ ಇನ್ನೂ ಒಂದು ತಿಂಗಳಿದೆ. ನಾಳೆ ನಾವು ಆಡ್ತೀವಿ," ಎಂದು ಅವಳು ಕೊಡ ಬಗ್ಗಿಸಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಡವಯ್ಯ ತಡೆಯಲಾರದೆ, "ಮುಂದಿನ ವರ್ಷವಾದರೂ ಅವರು ಗೆದ್ದರೇ?" ಎಂದು ಕೇಳಿದ.

"ಮರುದಿನ ಬೆಳಿಗ್ಗೆ ಕಪ್ ಗೆದ್ದವರ ಮನೆಯಲ್ಲಿತ್ತು, ಕೆರೆ ಯಾರದಾಗಿತ್ತು, ಹೇಳು," ಎಂದರು ಗುರುಗಳು.

ಅಡವಯ್ಯ ಗಂಟನ್ನು ನೆಲಕ್ಕಿಟ್ಟ.