ಕಾಳಪ್ಪ ಬಡಿಗನ ಹೊನ್ನೆಯ ಮೇಜು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಹೇಳಿದವನ ಅರ್ಧ ಮೀಸೆ ಬೋಳಿಸಿರಿ. ಉಳಿದರ್ಧ ಹೊತ್ತು ಊರೆಲ್ಲ ತಿರುಗುತ್ತಾನೆ, ಆಣೆ.

ಬಹಳ ಹಿಂದೆ, ನಿಮ್ಮಜ್ಜನ ಅಜ್ಜನಿಗೂ ಹಲ್ಲು ಬಾರದ ಕಾಲದಲ್ಲಿ, ಕಾಡಿನಂಚಿಗೆ ಹೊನ್ನಿಕೊಪ್ಪ ಅಂತ ಒಂದೂರು. ಅಲ್ಲಿ ಕಾಳಪ್ಪ ಅಂತ ಒಬ್ಬ ಬಡಿಗ. ಅವನು ಬೆರಳ ಗೆಣ್ಣಿನಿಂದ ಬಡಿದರೆ ಮರ ತನ್ನ ವಯಸ್ಸು ಹೇಳುತ್ತಿತ್ತಂತೆ. ಮುದಿ ಮರಗಳು ಮಾತ್ರ ಹತ್ತು ವರ್ಷ ಕಡಿಮೆ ಹೇಳುತ್ತಿದ್ದವಂತೆ. ಮೊಳೆಯನ್ನು ಅವನು ಮುಟ್ಟಿದವನೇ ಅಲ್ಲ. ಮರಕ್ಕೆ ಮರವೇ ನೆಂಟ, ಕಬ್ಬಿಣ ಹೊರಗಿನವ ಅನ್ನುತ್ತಿದ್ದನಂತೆ.

ಅದೇ ಊರಿನ ಗೌಡರ ಮನೆಯಲ್ಲಿ ಶಿವನಗೌಡ, ಫಕೀರಗೌಡ ಅಂತ ಅಣ್ಣತಮ್ಮಂದಿರು. ತಾಯಿ ನೀಲಗಂಗವ್ವ. ಅಣ್ಣ ಶಿವನಗೌಡನಿಗೆ ಸಂಶಯವೆಂಬುದು ಹುಟ್ಟುವಾಗಲೇ ಕೊರಳಿಗೆ ಕಟ್ಟಿದ ತಾಯಿತ. ತಮ್ಮನ ರೊಟ್ಟಿ ತನ್ನದಕ್ಕಿಂತ ಅಗಲ, ತಮ್ಮನ ಮೊಸರಿನ ಕೆನೆ ತನ್ನದಕ್ಕಿಂತ ದಪ್ಪ ಅಂತ ಗುಮಾನಿ. ತಮ್ಮನಿಗೂ ಅದೇ ಗುಮಾನಿ, ಮಗ್ಗಲು ಬದಲಿಸಿದ್ದು. ಆ ಮನೆಯಲ್ಲಿ ತಲೆಗೊಂದು ಅಡ್ಡಣಿಗೆ. ತಾಟು ಇಡುವ ಮೂರು ಕಾಲಿನ ಪುಟ್ಟ ಪೀಠ. ಎತ್ತಿಕೊಂಡು ಹೋಗುವುದು ಸುಲಭ. ಮೊದಲು ಬೆನ್ನು ತಿರುಗಿಸಿ ಕೂತರು. ಆಮೇಲೆ ಒಬ್ಬ ಪಡಸಾಲೆಗೆ, ಒಬ್ಬ ಹಿತ್ತಲಿಗೆ. ಕಡೆಗೆ ಎರಡನೇ ಒಲೆ ಹೂಡಲು ಮಣ್ಣು ಕಲಸಿದ್ದೂ ಆಯಿತಂತೆ. ಎರಡು ಒಲೆ ಹೊತ್ತಿದರೆ ಮನೆ ಒಡೆದ ಹಾಗೇ.

ನೀಲಗಂಗವ್ವ ಕಾಳಪ್ಪನನ್ನು ಕರೆಸಿ, ಯಾರೂ ಎತ್ತಿಕೊಂಡು ಹೋಗಲಾರದ ಅಡ್ಡಣಿಗೆ ಮಾಡಿಕೊಡು ಅಂದಳಂತೆ.

ಕಾಳಪ್ಪ ಹೊನ್ನೆಯ ದಿಮ್ಮಿ ಕೊರೆದು ಒಂದು ಊಟದ ಮೇಜು ಮಾಡಿದ. ಮೊಳೆಯಿಲ್ಲ, ಅಂಟಿಲ್ಲ, ಬರೀ ಮರದ ಬೆಣೆ. ಅಂಗಳದಲ್ಲಿ ಜೋಡಿಸಿ ನೋಡಿದಾಗ ಅದರ ಮೇಲೆ ಆನೆ ಹತ್ತಿ ನಿಂತರೂ ಕಿರ್ರೆನ್ನಲಿಲ್ಲವಂತೆ. ಮತ್ತೆ ಬಿಚ್ಚಿ, ಮನೆಯೊಳಗೆ ಜೋಡಿಸಿದ. ಯಾವ ಬಾಗಿಲಿನಿಂದಲೂ ಹೊರಬೀಳದಷ್ಟು ಅಗಲ.

ಶಿವನಗೌಡ ಸುತ್ತು ಹಾಕಿದ. ಬಗ್ಗಿ ನೋಡಿದ. ಮೂಸಿಯೂ ನೋಡಿದ. ಮೊಳೆಯಿಲ್ಲದ್ದು ನಿಂತಿದೆ ಅಂದರೆ ಒಳಗೇನೋ ಮಸಲತ್ತಿರಬೇಕು.

"ಕಾಳಪ್ಪಾ, ನಾಳೆ ನಾವು ಬ್ಯಾರೆ ಆದರ ಇದನ್ನ ಹೆಂಗ ಪಾಲು ಮಾಡೋದು?"

"ಬಾಳ ಹಗೂರ ಐತ್ರಿ ಗೌಡ್ರ. ಅಡಿಯಾಗ ಒಂದು ಬೆಣೆ ಐತಿ. ಅದನ್ನ ಕಿತ್ತರ ಮೇಜು ತಾನ ಬಿಚ್ಚಿಕೋತೈತಿ. ಕಿತ್ತಾಂವಗ ಹಲಗಿ, ಉಳಿದಾಂವಗ ಬರೇ ಕಾಲು."

"ಯಾವ ಬೆಣೆ?"

"ನಿಮ್ಮ ತಮ್ಮಾರೂ ಇದನ್ನ ಕೇಳಿದ್ರು" ಅಂದವನೇ ಕಾಳಪ್ಪ ಹತಾರದ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟ.

ತಮ್ಮನಿಗೆ ಹೇಳಿದನೋ, ಇಲ್ಲವೋ? ಅಂದಿನಿಂದ ಶಿವನಗೌಡ ಒಂದೂ ಊಟ ತಪ್ಪಿಸಲಿಲ್ಲ. ತಮ್ಮನೂ ತಪ್ಪಿಸಲಿಲ್ಲ. ಎದುರುಬದುರು ಕೂತು ಒಬ್ಬರ ಕೈ ಒಬ್ಬರು ನೋಡುತ್ತ ಉಂಡರು. ಒಬ್ಬ ಮೊಣಕಾಲು ತುರಿಸಲು ಕೈ ಕೆಳಗಿಟ್ಟರೆ ಇನ್ನೊಬ್ಬನ ಬಾಯಲ್ಲಿ ತುತ್ತು ನಿಲ್ಲುತ್ತಿತ್ತು. ಚಳಿಜ್ವರ ಬಂದರೆ ಕಂಬಳಿ ಸಮೇತ ಬಂದು ಕೂತರಂತೆ. ಈ ಕಾವಲಿನಲ್ಲಿ ರೊಟ್ಟಿಯ ಅಗಲ, ಕೆನೆಯ ದಪ್ಪ ನೋಡಲು ಯಾರಿಗೆ ಪುರುಸೊತ್ತು? ಒಲೆಗೆ ಕಲಸಿದ ಮಣ್ಣಿನಲ್ಲಿ ಮಕ್ಕಳು ಮಣ್ಣೆತ್ತು ಮಾಡಿಕೊಂಡವು. ಒಂದು ಸಲ ಫಕೀರಗೌಡನಿಗೆ ತುತ್ತು ಇಳಿಯದಾಯಿತು. ಅದು ಮೊದಲು ಕಂಡದ್ದು ಹೆಂಡತಿಗಲ್ಲ, ತಾಯಿಗಲ್ಲ, ಕಾವಲು ಕೂತ ಅಣ್ಣನಿಗೆ. ವೈದ್ಯನನ್ನು ಕರೆತಂದವನೂ ಅವನೇ ಅಂತೆ.

ತಾಯಿ ಹೋದಳು, ಕಾಳಪ್ಪನೂ ಹೋದ. ಶಿವನಗೌಡನ ಮೀಸೆ ಬೆಳ್ಳಗಾಯಿತು, ಸಂಶಯ ಮಾತ್ರ ಕಪ್ಪಗೇ ಉಳಿಯಿತು. ಒಂದು ಮಧ್ಯಾಹ್ನ ಯಾರೂ ಇಲ್ಲದ ಹೊತ್ತು ನೋಡಿ ಮೇಜಿನಡಿ ತೂರಿದ. ತಡವಿ ತಡವಿ ಆ ಬೆಣೆ ಸಿಕ್ಕಿತು. ಕಿತ್ತ. ಮೇಜು ಅಲುಗಲಿಲ್ಲ. ಹೆಬ್ಬೆರಳಿನಷ್ಟು ಬೆಣೆ, ಏನನ್ನೂ ಹಿಡಿದಿರಲಿಲ್ಲ. ಅದರ ತಲೆ ಮಾತ್ರ ಉಗುರು ಆಡಿ ಆಡಿ ಸವೆದಿತ್ತು. ಶಿವನಗೌಡ ಅದನ್ನು ಮುಟ್ಟಿದ್ದು ಅದೇ ಮೊದಲು; ಹಾಗಾದರೆ ಅದು ತಮ್ಮನ ಉಗುರು.

ಆಮೇಲೆ ಬೆಣೆಯನ್ನು ತಿರುಗಿ ಇಟ್ಟು, ಹೆಬ್ಬೆರಳಿನಿಂದ ಒತ್ತಿದ. ರಾತ್ರಿ ಊಟದಲ್ಲಿ ತನ್ನ ಕೆನೆ ತೆಗೆದು ತಮ್ಮನ ತಾಟಿಗೆ ಹಾಕಿದ. ಫಕೀರಗೌಡ ಅದನ್ನು ಸಂಶಯದಿಂದ ನೋಡಿ, ಉಂಡ.

ಈಗಲೂ ಹೊನ್ನಿಕೊಪ್ಪದ ಬಡಿಗರು ಊಟದ ಮೇಜು ಮಾಡಿದರೆ ಏನನ್ನೂ ಹಿಡಿಯದ ಒಂದು ಬೆಣೆ ಬಿಟ್ಟಿರುತ್ತಾರೆ. ಊಟಕ್ಕೆ ಕೂತವರು ಮೊದಲು ಕೈ ಕೆಳಗಿಟ್ಟು ಅದನ್ನೊಮ್ಮೆ ಒತ್ತಿ, ಆಮೇಲೆ ರೊಟ್ಟಿ ಮುರಿಯುತ್ತಾರೆ.

ಮೀಸೆಯ ವಿಷಯ ಇರುವುದರಿಂದ ಒಂದು ಮಾತು: ಮೇಜಿನ ಮೇಲೆ ಹತ್ತಿದ್ದು ಆನೆಯಲ್ಲ, ಎಮ್ಮೆ. ಗಬ್ಬದ ಎಮ್ಮೆ, ಅಷ್ಟಾದರೂ ನಂಬಿರಿ.